ನ್ಯೂಟ್ರಿಷನ್ ಪದವಿ ಓದಬೇಕೆಂದಿದ್ದೀರಾ? ಅರ್ಜಿ ತುಂಬುವ ಮುಂಚೆ, ತುಂಬಿದ ಮೇಲೆ

ಪಿಯುಸಿ ಫಲಿತಾಂಶ ಬಂದ ಮೇಲೆ ನ್ಯೂಟ್ರಿಷನ್ ಕೋರ್ಸಿನ ಬಗ್ಗೆ ವಿಚಾರಿಸುವವರಲ್ಲಿ ಹಲವರು ನೀಟ್ ರ‍್ಯಾಂಕ್ ಕೈಕೊಟ್ಟವರು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ‘ಆಸ್ಪತ್ರೆಯಲ್ಲೇ ಕೆಲಸ, ಓದೂ ಸಲೀಸು’ ಅಂದುಕೊಂಡು ಸೇರಿದವರು ಮೊದಲ ವರ್ಷದ ಬಯೋಕೆಮಿಸ್ಟ್ರಿಯಲ್ಲೇ ಸುಸ್ತಾಗುತ್ತಾರೆ. ಮನೆಯ ಹಿರಿಯರ ಮಾತು ಬೇರೆ: ‘ಅಡುಗೆ ಕಲಿಯೋಕೆ ಮೂರು ವರ್ಷ ಕಾಲೇಜ್ ಬೇಕಾ?’ ಇನ್ನು ಕೆಲವು ಹುಡುಗ ಹುಡುಗಿಯರಿಗೆ ಇದು ತೂಕ ಇಳಿಸುವ ವಿದ್ಯೆ, ಮೊಬೈಲಿನಲ್ಲಿ ರೀಲ್ಸ್ ಮಾಡಿ ದುಡ್ಡು ಮಾಡುವ ದಾರಿ.

ಇದು ಅಡುಗೆ ಕೋರ್ಸೂ ಅಲ್ಲ, ತೂಕ ಇಳಿಸುವ ಕೋರ್ಸೂ ಅಲ್ಲ. ತಿಂದದ್ದಕ್ಕೆ ದೇಹದೊಳಗೆ ಏನಾಗುತ್ತದೆ ಎಂಬ ರಸಾಯನಶಾಸ್ತ್ರ ಇದರ ಅರ್ಧ ಭಾಗ. ಎದುರಿಗೆ ಕೂತವರು ನಿಜಕ್ಕೂ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ನಾಳೆಯಿಂದ ಅದರಲ್ಲಿ ಏನನ್ನು ಬದಲಾಯಿಸಲು ಒಪ್ಪುತ್ತಾರೆ ಎಂದು ಕಂಡುಕೊಳ್ಳುವುದು ಉಳಿದರ್ಧ. ಮೊದಲನೆಯದಕ್ಕೆ ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಇವೆ. ಎರಡನೆಯದಕ್ಕೆ ಸಿಲೆಬಸ್ಸಿನಲ್ಲಿ ಸಿಗುವ ಜಾಗ ಕಡಿಮೆ, ಕೆಲಸ ಉಳಿಸಿಕೊಡುವುದು ಮಾತ್ರ ಅದೇ. ಕಾಲೇಜು ಹುಡುಕುವಾಗಿನಿಂದಲೇ ಇದು ನೆನಪಿರಲಿ.

ಮೊದಲು ಪದವಿಯ ಪೂರ್ತಿ ಹೆಸರು ಓದಿ

‘ನ್ಯೂಟ್ರಿಷನ್’ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ಓದುಗಳಿವೆ. ಸಾಮಾನ್ಯ ಪದವಿ ಕಾಲೇಜುಗಳಲ್ಲಿ ನ್ಯೂಟ್ರಿಷನ್ ಒಂದು ವಿಷಯ. ಜೊತೆಗೆ ರಸಾಯನಶಾಸ್ತ್ರವೋ ಪ್ರಾಣಿಶಾಸ್ತ್ರವೋ ಇರುತ್ತದೆ. ಗೃಹವಿಜ್ಞಾನದ ಕಾಲೇಜುಗಳಲ್ಲಿ ಆಹಾರದ ಜೊತೆ ಮಕ್ಕಳ ಬೆಳವಣಿಗೆ, ಜವಳಿ, ಕುಟುಂಬ ನಿರ್ವಹಣೆಯನ್ನೂ ಓದಿಸುತ್ತಾರೆ. ‘ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್’ ಎಂದು ನೇರವಾಗಿ ಕರೆಯುವ ಬಿಎಸ್ಸಿಯಲ್ಲಿ ಆಸ್ಪತ್ರೆಯ ಪಥ್ಯಕ್ಕೆ ಒತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನದು ನಾಲ್ಕು ವರ್ಷದ ಆನರ್ಸ್ ಪದವಿ. ಹಿಂದೆ ಅದು ಗ್ರಾಮೀಣ ಗೃಹವಿಜ್ಞಾನ ಕಾಲೇಜು ಎಂದೇ ಹೆಸರಾಗಿತ್ತು. ಫುಡ್ ಟೆಕ್ನಾಲಜಿ ಇವ್ಯಾವುದಕ್ಕೂ ಸೇರುವುದಿಲ್ಲ. ಅದು ಕಾರ್ಖಾನೆಯಲ್ಲಿ ಆಹಾರ ಸಂಸ್ಕರಿಸುವ, ಪ್ಯಾಕ್ ಮಾಡುವ, ಕೆಡದಂತೆ ಇಡುವ ವಿದ್ಯೆ. ರೋಗಿಗಳ ಜೊತೆ ಕೆಲಸ ಮಾಡುವ ಆಸೆಯಿಟ್ಟುಕೊಂಡು ಅದಕ್ಕೆ ಸೇರಿ ಆಮೇಲೆ ಪೇಚಾಡುವವರು ಪ್ರತಿ ವರ್ಷ ಸಿಗುತ್ತಾರೆ.

ಹೆಸರಿಗೆ ಇಷ್ಟೊಂದು ಬೆಲೆ ಏಕೆಂದರೆ ಮುಂದೆ ಸರ್ಕಾರಿ ಅಧಿಸೂಚನೆ ಬಂದಾಗ ನಿಮ್ಮ ಅಂಕಪಟ್ಟಿಯಲ್ಲಿರುವ ಪದವಿಯ ಹೆಸರು ಅಲ್ಲಿಯ ಪಟ್ಟಿಯಲ್ಲಿ ಇದೆಯೇ ಇಲ್ಲವೇ ಎಂದಷ್ಟೇ ನೋಡುತ್ತಾರೆ. ‘ಹೆಚ್ಚುಕಮ್ಮಿ ಅದೇ ವಿಷಯ ಸಾರ್’ ಎಂಬ ಸಮಜಾಯಿಷಿ ಕೌಂಟರಿನಲ್ಲಿ ನಡೆಯುವುದಿಲ್ಲ.

ಅವಧಿಯ ಬಗ್ಗೆಯೂ ಗೊಂದಲವಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ರಾಜ್ಯದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಶುರು ಮಾಡಿದವು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ. ಅಕ್ಕನೋ ಪಕ್ಕದ ಮನೆಯ ಹುಡುಗಿಯೋ ಓದಿದ ಮಾದರಿ ಈಗಲೂ ಇದೆ ಎಂದು ನಂಬಿ ಹೋಗಬೇಡಿ. ಈ ವರ್ಷದ ಪ್ರಾಸ್ಪೆಕ್ಟಸ್ ಕೇಳಿ ನೋಡಿ.

ಇನ್ನೂ ಒಂದು ಎಚ್ಚರಿಕೆ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ನ್ಯೂಟ್ರಿಷನ್ ಪದವಿ ಮಾಡಬಹುದು ಎಂದು ಯಾರಾದರೂ ಹೇಳಿದರೆ ಹಣ ಕಟ್ಟಬೇಡಿ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮಾದರಿಯಲ್ಲಿ ನಡೆಸಬಾರದೆಂದು ಯುಜಿಸಿ ಆದೇಶಿಸಿದೆ. ಆಹಾರ ಮತ್ತು ಪೋಷಣೆ, ಕ್ಲಿನಿಕಲ್ ನ್ಯೂಟ್ರಿಷನ್ ಆ ಪಟ್ಟಿಯಲ್ಲಿವೆ. ಇದಕ್ಕೆಲ್ಲ ಹಿನ್ನೆಲೆ 2021ರ ಕೇಂದ್ರ ಕಾಯ್ದೆ. ಡಯಟೀಶಿಯನ್, ನ್ಯೂಟ್ರಿಷನಿಸ್ಟ್ ಇಬ್ಬರನ್ನೂ ಫಿಸಿಯೋಥೆರಪಿಸ್ಟರಂತೆ ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿ, ರಾಷ್ಟ್ರೀಯ ಆಯೋಗ, ರಾಜ್ಯ ಪರಿಷತ್ತು, ನೋಂದಣಿ ಎಂಬ ವ್ಯವಸ್ಥೆಯನ್ನು ಅದು ತಂದಿತು. ಈ ವೃತ್ತಿಗೆ ದೇಶಕ್ಕೆಲ್ಲ ಒಂದೇ ಮಾದರಿಯ ಪಠ್ಯಕ್ರಮವನ್ನೂ 2025ರಲ್ಲಿ ಆರೋಗ್ಯ ಸಚಿವಾಲಯ ಹೊರಡಿಸಿದೆ. ಹಾಗಾಗಿ ಕಾಲೇಜಿನವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮ ಪಠ್ಯಕ್ರಮ ಈ ಆಯೋಗದ ಮಾದರಿಗೆ ಹೊಂದುತ್ತದೆಯೇ? ಉತ್ತರ ಮಾತಿನಲ್ಲಿ ಬೇಡ, ಕಾಗದದಲ್ಲಿ ಪಡೆಯಿರಿ.

ಸೀಟು ಎಲ್ಲಿ, ಹೇಗೆ

ಪಿಯುಸಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಓದಿದ್ದರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಗೃಹವಿಜ್ಞಾನವನ್ನು ಐಚ್ಛಿಕವಾಗಿ ಓದಿದವರನ್ನು ಕೆಲವು ಕಾಲೇಜು ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ವಿಚಾರಿಸಿಯೇ ಮುಂದುವರಿಯಿರಿ. ಕಲಾ ವಿಭಾಗದಿಂದ ಬಂದವರಿಗೆ ಸೀಟು ಸಿಕ್ಕರೂ ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ಬೇಸಿಗೆ ರಜೆಯಲ್ಲೇ ತಯಾರಿ ಬೇಕು.

ಕೃಷಿ ವಿಶ್ವವಿದ್ಯಾಲಯದ ಸೀಟಿಗೆ ಕೆಇಎ ನಡೆಸುವ ಸಿಇಟಿ ಬರೆದಿರಬೇಕು. ರೈತರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ತಹಶೀಲ್ದಾರ್ ಕಚೇರಿಯಿಂದ ಮಾಡಿಸಿಕೊಳ್ಳಲು ದಿನ ಹಿಡಿಯುತ್ತದೆ; ಫಲಿತಾಂಶ ಬರಲೆಂದು ಕಾಯುತ್ತ ಕೂರಬೇಡಿ. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ತಂತ್ರಾಂಶದಲ್ಲಿ ಅರ್ಜಿ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ವಿ.ಎಚ್.ಡಿ. ಗೃಹವಿಜ್ಞಾನ ಸಂಸ್ಥೆ ಇದೆ, ವಸಂತನಗರದಲ್ಲಿ ಮೌಂಟ್ ಕಾರ್ಮೆಲ್ ಇದೆ. ಎರಡರ ಶುಲ್ಕಕ್ಕೂ ಅಜಗಜಾಂತರ. ಹೊರರಾಜ್ಯಕ್ಕೆ ಹೋಗುವ ಅನುಕೂಲವಿದ್ದವರಿಗೆ ಕೊಯಮತ್ತೂರಿನ ಅವಿನಾಶಿಲಿಂಗಂ, ದೆಹಲಿಯ ಲೇಡಿ ಇರ್ವಿನ್ ಹಳೆಯ ಹೆಸರುಗಳು. ದೆಹಲಿಗೆ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆಯಬೇಕು. ಈ ಕ್ಷೇತ್ರದ ಹೆಸರುವಾಸಿ ಕಾಲೇಜುಗಳಲ್ಲಿ ಕೆಲವು ಹೆಣ್ಣುಮಕ್ಕಳಿಗೆ ಮಾತ್ರ. ಹುಡುಗರಿಗೆ ಆಯ್ಕೆ ಸ್ವಲ್ಪ ಕಮ್ಮಿ, ಆದರೆ ಕ್ರೀಡಾ ಪೋಷಣೆ, ಐಸಿಯು ಪೋಷಣೆಯಲ್ಲಿ ಅವರು ಧಾರಾಳವಾಗಿದ್ದಾರೆ.

ಹಣ ಕಟ್ಟುವ ಮುಂಚೆ ಒಮ್ಮೆ ಕಾಲೇಜಿಗೆ ಹೋಗಿ ಬನ್ನಿ. ಕಟ್ಟಡ, ಕ್ಯಾಂಟೀನು ನೋಡಲು ಅಲ್ಲ. ಇವನ್ನು ನೋಡಿ:

- ಆಹಾರ ಪ್ರಯೋಗಾಲಯದಲ್ಲಿ ಒಲೆ ಎಷ್ಟಿವೆ, ಒಂದೊಂದರ ಸುತ್ತ ಎಷ್ಟು ಜನ ನಿಲ್ಲುತ್ತಾರೆ? ಹತ್ತು ಜನ ನಿಂತರೆ ಇಬ್ಬರು ಮಾಡುತ್ತಾರೆ, ಎಂಟು ಜನ ನೋಡುತ್ತಾರೆ.
- ಗ್ರಾಂ ಲೆಕ್ಕದ ತಕ್ಕಡಿ ಇದೆಯೇ? ಅದಕ್ಕೆ ಬ್ಯಾಟರಿ ಇದೆಯೇ?
- ಯಾವ ಆಸ್ಪತ್ರೆಯ ಜೊತೆ ಒಪ್ಪಂದವಿದೆ, ಎಷ್ಟು ಹಾಸಿಗೆಯದು, ಅಲ್ಲಿ ಪೂರ್ಣಾವಧಿ ಡಯಟೀಶಿಯನ್ ಇದ್ದಾರೆಯೇ?
- ಪಾಠ ಮಾಡುವವರಲ್ಲಿ ಆಸ್ಪತ್ರೆಯಲ್ಲೋ ಸಮುದಾಯದಲ್ಲೋ ಕೆಲಸ ಮಾಡಿದ ಒಬ್ಬರಾದರೂ ಇದ್ದಾರೆಯೇ?

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಸಿಕ್ಕರೆ ಮಾತಾಡಿಸಿ. ‘ಇಂಟರ್ನ್‌ಶಿಪ್‌ನಲ್ಲಿ ಏನ್ ಮಾಡಿದ್ರಿ?’ ಎಂದಷ್ಟೇ ಕೇಳಿ. ‘ವಾರ್ಡ್ ರೌಂಡ್ಸಿಗೆ ಹೋಗ್ತಿದ್ವಿ’ ಅಂದರೆ ಒಳ್ಳೆಯದು. ‘ಪೋಸ್ಟರ್ ಮಾಡಿದ್ವಿ’ ಅಂದರೆ ಬೇರೆ ಕಾಲೇಜು ನೋಡಿ.

ಸಸ್ಯಾಹಾರಿ ಮನೆಗಳಿಂದ ಬರುವವರಿಗೆ ಒಂದು ಮಾತು. ಮೊಟ್ಟೆಯ ಗುಣಗಳ ಪ್ರಯೋಗ ಅನೇಕ ಕಡೆ ಸಿಲೆಬಸ್ಸಿನಲ್ಲಿರುತ್ತದೆ. ತಿನ್ನಲೇಬೇಕೆಂದೇನೂ ಇಲ್ಲ. ಆದರೆ ನಾಳೆ ಸುಟ್ಟಗಾಯದ ರೋಗಿಗೆ ದಿನಕ್ಕೆ ಎಷ್ಟು ಮೊಟ್ಟೆ, ಯಾವ ಮೀನು ಎಂದು ಹೇಳಬೇಕಾದವರು ನೀವು. ಅದನ್ನು ಹೇಳುವಾಗ ಮುಖ ಸಿಂಡರಿಸುವವರಿಗೆ ಈ ವೃತ್ತಿ ಹೊಂದುವುದಿಲ್ಲ.

ಮೊದಲ ವರ್ಷ: ಬಯೋಕೆಮಿಸ್ಟ್ರಿಗೆ ಹೆದರಬೇಡಿ, ಕಾಯಿಲೆಗೆ ಕಟ್ಟಿಹಾಕಿ

ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಆಹಾರ ವಿಜ್ಞಾನ, ಇವಿಷ್ಟು ಅಡಿಪಾಯ. ಹೆಚ್ಚು ಜನ ಎಡವುವುದು ಬಯೋಕೆಮಿಸ್ಟ್ರಿಯಲ್ಲಿ. ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ಚಕ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತಾರೆ, ಮೂರನೇ ವರ್ಷದ ಡಯಟೆಟಿಕ್ಸಿನಲ್ಲಿ ಅದೇ ಚಕ್ರ ಮತ್ತೆ ಎದುರಾದಾಗ ಕೈಕಟ್ಟಿ ಕೂರುತ್ತಾರೆ.

ದಾರಿ ಇದೆ. ಪ್ರತಿಯೊಂದು ಕ್ರಿಯೆಯನ್ನೂ ಅದು ಕೆಟ್ಟಾಗ ಬರುವ ಕಾಯಿಲೆಗೆ ಜೋಡಿಸಿ ಓದಿ. ಗ್ಲೂಕೋಸು ಒಡೆದು ಪೈರುವೇಟ್ ಆಗಿ, ಮುಂದಿನ ಹೆಜ್ಜೆ ಇಡಲು ಥಯಾಮಿನ್ (ವಿಟಮಿನ್ ಬಿ1) ಬೇಕು. ಥಯಾಮಿನ್ ಇಲ್ಲದಿದ್ದರೆ ಅಲ್ಲಿಗೇ ಗಾಡಿ ನಿಲ್ಲುತ್ತದೆ, ನರ ಮತ್ತು ಹೃದಯಕ್ಕೆ ಪೆಟ್ಟು ಬೀಳುತ್ತದೆ, ಅದೇ ಬೆರಿಬೆರಿ. ತೌಡು ಪೂರ್ತಿ ತೆಗೆದ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರುತ್ತಿದ್ದ ಕಾಯಿಲೆ ಅದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದೇ ಅದರ ಬೆನ್ನುಹತ್ತಿ: 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಶುರು ಮಾಡಿದ ಬೆರಿಬೆರಿ ವಿಚಾರಣಾ ಘಟಕ ಮುಂದೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂತು. ಹಾಗೆಯೇ ನಿಯಾಸಿನ್ ಎಂಬ ಇನ್ನೊಂದು ಬಿ ವಿಟಮಿನ್; ಅದು ಕಡಿಮೆಯಾದರೆ ಬರುವ ಕಾಯಿಲೆ ಪೆಲಗ್ರ. ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ 60 ಮಿಲಿಗ್ರಾಂ‌ನಿಂದ ದೇಹ ಸುಮಾರು 1 ಮಿಲಿಗ್ರಾಂ ನಿಯಾಸಿನ್ ಮಾಡಿಕೊಳ್ಳುತ್ತದೆ ಎಂಬುದು ಒಣ ಸಾಲು. ಬರೀ ಜೋಳ ಉಣ್ಣುತ್ತಿದ್ದ ದಖನ್ನಿನ ಬಡವರಲ್ಲಿ ಪೆಲಗ್ರ ಕಂಡಾಗ, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಈ ಪರಿವರ್ತನೆಗೆ ಅಡ್ಡಿಯಾಗುತ್ತಿರಬಹುದೇ ಎಂದು ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತವರ ಜೊತೆಗಾರರು ಕೇಳಿದ್ದರು ಎಂದು ಗೊತ್ತಾದರೆ, ಕಲಬುರಗಿ ರಾಯಚೂರಿನವರಿಗಂತೂ ಆ ಸಾಲು ಮರೆಯುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಕಷ್ಟ, ಅದನ್ನು ಮುಚ್ಚಿಡುವುದು ಬೇಡ. ಪಾಠವನ್ನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿ, ಸಂಜೆ ಗೆಳತಿಗೆ ಕನ್ನಡದಲ್ಲಿ ವಿವರಿಸಿ. ವಿವರಿಸಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಇಂಗ್ಲಿಷ್ ಮಾಧ್ಯಮದವರೂ ಹೀಗೆ ಮಾಡುವುದು ಒಳ್ಳೆಯದು. ವಾರ್ಡಿನಲ್ಲಿ ‘ಸೋಡಿಯಂ ರಿಸ್ಟ್ರಿಕ್ಟ್ ಮಾಡಿ’ ಎಂದು ಹೇಳಿ ಬರುವ ಇಂಟರ್ನ್‌ಗಳನ್ನು ನೋಡಿ ನೋಡಿ ಸಾಕಾಗಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ತಿಂಡಿ ಎಂದು ಒಂದೊಂದೇ ಹೆಸರು ಹಿಡಿದು ಹೇಳದಿದ್ದರೆ ಮನೆಯವರಿಗೆ ಏನೂ ತಲುಪುವುದಿಲ್ಲ.

ಪ್ರಾಕ್ಟಿಕಲ್: ಒಂದು ಮುದ್ದೆಯ ಲೆಕ್ಕ

ಇಡೀ ಕೋರ್ಸಿನಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಲೆಕ್ಕ ಮಾಡುವುದು ಯಾರಿಗೂ ಬರುತ್ತದೆ. ಯಾವುದನ್ನು ತೂಗಿ ಲೆಕ್ಕ ಮಾಡಬೇಕು ಎಂಬಲ್ಲಿ ಎಲ್ಲ ತಪ್ಪುತ್ತದೆ.

ರಾಗಿ ಮುದ್ದೆ ತೆಗೆದುಕೊಳ್ಳಿ. ತಟ್ಟೆಯಲ್ಲಿರುವ ಮುದ್ದೆಯನ್ನು ತೂಗಿ, ಆ ತೂಕಕ್ಕೆ ಪುಸ್ತಕದ ರಾಗಿಯ ಅಂಕಿಯನ್ನು ಗುಣಿಸಿದರೆ ಉತ್ತರ ಸುಮಾರು ಮೂರು ಪಟ್ಟು ಉಬ್ಬುತ್ತದೆ, ಯಾಕೆಂದರೆ ಮುದ್ದೆಯಲ್ಲಿ ಹಿಟ್ಟಿಗಿಂತ ನೀರೇ ಜಾಸ್ತಿ. ಕೋಷ್ಟಕದಲ್ಲಿರುವುದು ಒಣ ರಾಗಿಯ ಅಂಕಿ. ಆದ್ದರಿಂದ ಎಸರಿಗೆ ಹಾಕುವ ಮುಂಚೆಯೇ ಹಿಟ್ಟು ತೂಗಬೇಕು. 80 ಗ್ರಾಂ ಹಿಟ್ಟು ಹಾಕಿದಿರಿ ಎನ್ನಿ. ನಾವು ಬಳಸುವುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ. ಅದರಲ್ಲಿ 528 ಆಹಾರಗಳಿವೆ. 100 ಗ್ರಾಂ ರಾಗಿಗೆ ಸುಣ್ಣದಂಶ 364 ಮಿಲಿಗ್ರಾಂ, ಪ್ರೋಟೀನ್ ಸುಮಾರು 7.2 ಗ್ರಾಂ, ಶಕ್ತಿ 1342 ಎಂದು ಕಾಣುತ್ತದೆ. ಆ 1342 ನೋಡಿ ಹೊಸಬರು ಬೆಚ್ಚಿಬೀಳುತ್ತಾರೆ, ಇಲ್ಲವೇ ಹಾಗೇ ಕ್ಯಾಲೊರಿ ಎಂದು ಬರೆದುಬಿಡುತ್ತಾರೆ. ಅದು ಕಿಲೋಜೂಲ್. 4.184ರಿಂದ ಭಾಗಿಸಿದರೆ ಸುಮಾರು 321 ಕಿಲೋಕ್ಯಾಲೊರಿ. ಈಗ ನಿಮ್ಮ 80 ಗ್ರಾಂಗೆ: 257 ಕಿಲೋಕ್ಯಾಲೊರಿ, 291 ಮಿಲಿಗ್ರಾಂ ಸುಣ್ಣ, 5.7 ಗ್ರಾಂ ಪ್ರೋಟೀನ್. ಒಂದು ಹೊತ್ತಿನ ಮುದ್ದೆಗೆ ಸುಣ್ಣದ ವಿಚಾರದಲ್ಲಿ ಇದು ಭರ್ಜರಿ. ಪ್ರೋಟೀನಿಗೆ ಮಾತ್ರ ಸಾರಿನಲ್ಲಿ ಕಾಳು ಬೇಕೇ ಬೇಕು.

ಇದರ ಜೊತೆಗೆ ಮನೆಯ ಅಳತೆಗಳ ಒಂದು ನೋಟ್‌ಬುಕ್ ನಿಮ್ಮದೇ ಇರಲಿ. ನಿಮ್ಮ ಮನೆಯ ಸೌಟಿನಲ್ಲಿ ಸಾರು ಎಷ್ಟು ಮಿಲಿಲೀಟರ್, ಸ್ಟೀಲ್ ಲೋಟದಲ್ಲಿ ಹಾಲು ಎಷ್ಟು, ಪಾವಿನಲ್ಲಿ ಅಕ್ಕಿ ಎಷ್ಟು ಗ್ರಾಂ, ಒಂದು ಹಿಡಿ ಕಡಲೆಬೀಜ ಎಷ್ಟು, ಹೋಟೆಲಿನ ಸೆಟ್ ದೋಸೆ ಒಂದರ ತೂಕ ಎಷ್ಟು? ತೂಗಿ ಬರೆದಿಡಿ. ಬೇರೆ ಬೇರೆ ಮನೆಯ ಲೋಟ ಸೌಟುಗಳನ್ನೂ ಅಳೆಯಿರಿ. ಕಾಲೇಜಿನ ಪುಸ್ತಕದಲ್ಲಿರುವ ‘ಒಂದು ಕಪ್’ ನಮ್ಮ ಅಡುಗೆಮನೆಗಳಲ್ಲಿ ಎಲ್ಲೂ ಇಲ್ಲ.

ಎಣ್ಣೆ ಮತ್ತು ಉಪ್ಪಿಗೆ ಇನ್ನೊಂದು ಉಪಾಯ. ಅಡುಗೆಗೆ ದಿನಾ ಎಷ್ಟು ಎಣ್ಣೆ ಹಾಕುತ್ತೀರಿ ಎಂದರೆ ಎಲ್ಲರದೂ ‘ಒಂದೆರಡು ಚಮಚ’. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಅಂದರೆ ಒಬ್ಬರಿಗೆ ದಿನಕ್ಕೆ 33 ಮಿಲಿಲೀಟರ್, ಅಂದರೆ ಸುಮಾರು 30 ಗ್ರಾಂ. ಗ್ರಾಂಗೆ 9ರಂತೆ ಎಣ್ಣೆಯಿಂದಲೇ 270 ಕಿಲೋಕ್ಯಾಲೊರಿ ಆಯಿತು, ಮುದ್ದೆಗಿಂತ ಜಾಸ್ತಿ. ಅದೇ ನಾಲ್ಕು ಜನಕ್ಕೆ ತಿಂಗಳಿಗೆ ಒಂದು ಕಿಲೋ ಉಪ್ಪು ಮುಗಿದರೆ ದಿನಕ್ಕೆ ತಲಾ 8 ಗ್ರಾಂ ಮೀರಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ.

ತಲೆಯಲ್ಲಿ ಕೂರಿಸಿಕೊಳ್ಳಬೇಕಾದ ಅಂಕಿಗಳು ಬಹಳವೇನಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110, 55 ಕಿಲೋ ಹೆಂಗಸಿಗೆ 1660 ಕಿಲೋಕ್ಯಾಲೊರಿ. ಪ್ರೋಟೀನ್ ದೇಹತೂಕದ ಕಿಲೋಗೆ 0.83 ಗ್ರಾಂ. ಕಬ್ಬಿಣ ಗಂಡಸಿಗೆ 19, ಹೆಂಗಸಿಗೆ 29 ಮಿಲಿಗ್ರಾಂ. ಸರಾಸರಿ ಅಗತ್ಯ ಮತ್ತು ಶಿಫಾರಸಾದ ಪ್ರಮಾಣ ಎರಡರ ವ್ಯತ್ಯಾಸ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಕೇಳುವ ಪ್ರಶ್ನೆ: ಮೊದಲನೆಯದು ಅರ್ಧ ಜನಕ್ಕೆ ಸಾಲುವಷ್ಟು, ಎರಡನೆಯದು ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಷ್ಟು. ಶಕ್ತಿಗೆ ಎರಡನೆಯದು ಇಲ್ಲವೇ ಇಲ್ಲ, ಎಲ್ಲರಿಗೂ ಸಾಲುವಷ್ಟು ಕೊಟ್ಟರೆ ಬಹುಪಾಲು ಜನ ದಪ್ಪಗಾಗುತ್ತಾರೆ.

ಕೇಳುವುದನ್ನು ಕಲಿಯಿರಿ

ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವುದು ಈ ವಿದ್ಯೆಯ ಮುಖ್ಯ ಸಲಕರಣೆ. ಇಂಟರ್ನ್ ಒಬ್ಬಳು ಮಂಡ್ಯ ಕಡೆಯ ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಕೇಳುತ್ತಿದ್ದದ್ದು ಹೀಗೆ:

‘ಅಜ್ಜಿ, ನಿನ್ನೆ ಬೆಳಿಗ್ಗೆ ಏನು ತಿಂದ್ರಿ?’

‘ಏನ್ ತಿಂತೀನಿ ಕಣವ್ವ, ಶುಗರ್ ಬಂದ್ಮೇಲೆ ಬಾಯಿ ಕಟ್ಟಾಕಿವ್ನಿ. ಒಂದ್ ಮುದ್ದೆ, ಒಸಿ ಸಾರು. ಅಷ್ಟೇಯ.’

ಅವಳು ಅಷ್ಟನ್ನೇ ಬರೆದುಕೊಂಡು ಏಳಲಿಲ್ಲ. ‘ಎದ್ದ ತಕ್ಷಣ ಕಾಫಿನಾ, ಟೀನಾ ಅಜ್ಜಿ?’

‘ಕಾಫಿ. ಅದಿಲ್ದೆ ಆಯ್ತದಾ?’

‘ಆಮೇಲೆ ಯಾವಾಗ ಕುಡಿದ್ರಿ?’

‘ಹೊಲಕ್ಕೋಗೋ ಮುಂಚೆ, ಮಧ್ಯಾನ ಯಾರಾರ ಬಂದ್ರೆ, ಸಂಜೆಗಂತೂ ಇದ್ದದ್ದೇಯ.’

ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ದಿನಕ್ಕೆ 40 ಗ್ರಾಂ ಸಕ್ಕರೆ. ಅಜ್ಜಿ ಸುಳ್ಳು ಹೇಳಲಿಲ್ಲ, ಕಾಫಿ ಅವರ ಲೆಕ್ಕದಲ್ಲಿ ಊಟಕ್ಕೆ ಸೇರಿದ್ದೇ ಅಲ್ಲ. ಆದ್ದರಿಂದ ‘ಏನು ತಿಂದ್ರಿ’ ಎಂದು ಒಂದೇ ಸಲ ಕೇಳಿ ನಿಲ್ಲಿಸದೆ ಹೊತ್ತು ಹಿಡಿದು ಕೇಳಿ: ಎದ್ದಾಗ, ಕೆಲಸಕ್ಕೆ ಹೊರಡುವಾಗ, ಯಾರಾದರೂ ಬಂದಾಗ, ಟಿವಿ ಮುಂದೆ, ಮಲಗುವಾಗ. ಎಲೆಅಡಿಕೆ, ಪ್ರಸಾದ, ಮೊಮ್ಮಕ್ಕಳು ಬಿಟ್ಟ ತಟ್ಟೆ ಇವನ್ನೂ ಬಿಡಬೇಡಿ. ಬೈಯುವ ದನಿ ಬಂತೋ, ಮುಂದಿನ ಸಲ ಅವರು ನಿಜ ಹೇಳುವುದಿಲ್ಲ.

ಕೊಡುವ ಸಲಹೆಯೂ ಆ ಮನೆಯ ಒಲೆಯ ಮೇಲೆ ಆಗುವಂಥದ್ದಿರಬೇಕು. ಮೂತ್ರಪಿಂಡದ ಕಾಯಿಲೆಯಲ್ಲಿ ರಕ್ತದ ಪೊಟ್ಯಾಸಿಯಂ ಏರಿದವರಿಗೆ ತರಕಾರಿ ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿ ಎಂದು ಪುಸ್ತಕ ಹೇಳುತ್ತದೆ. ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತದೆ. ಹಳೇ ಮೈಸೂರಿನ ಮನೆಗಳಲ್ಲಿ ಸೊಪ್ಪು ಕಾಳು ಬೇಯಿಸಿ ಬಸಿಯುತ್ತಾರೆ, ನಿಜ. ಆದರೆ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತಾರೆ! ‘ಬಸಿದು ತಿನ್ನಿ’ ಎಂದು ಹೇಳಿ ಕಳಿಸಿದರೆ ಅವರು ಸಂತೋಷವಾಗಿ ತಲೆಯಾಡಿಸಿ ಹೋಗಿ ಆ ನೀರನ್ನೇ ಉಣ್ಣುತ್ತಾರೆ. ಪಲ್ಯ ನಿಮಗೆ, ಸಾರು ಮನೆಯ ಉಳಿದವರಿಗೆ ಎಂದು ಬಿಡಿಸಿ ಹೇಳಬೇಕು. ಎಳನೀರಿನ ಕಥೆಯೂ ಇದೇ. ಆಸ್ಪತ್ರೆಗೆ ನೋಡಲು ಬರುವ ನೆಂಟರೆಲ್ಲ ಎಳನೀರು ಹಿಡಿದೇ ಬರುತ್ತಾರೆ, ಅದರಲ್ಲೂ ಪೊಟ್ಯಾಸಿಯಂ ಇರುವುದರಿಂದ ಇಂಥ ರೋಗಿಗೆ ಅದು ಅಪಾಯ.

ಆಸ್ಪತ್ರೆ, ಅಂಗನವಾಡಿ

ಇಂಟರ್ನ್‌ಶಿಪ್ಪಿನಲ್ಲಿ ಮೊದಲ ವಾರ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಲ್ಲಿಸಿದರೆ ಮುನಿಸಿಕೊಳ್ಳಬೇಡಿ. ಯಾವ ಟ್ರೇ ಯಾವ ಹಾಸಿಗೆಗೆ, ಮೃದು ಆಹಾರ, ದ್ರವಾಹಾರ, ಉಪ್ಪಿಲ್ಲದ್ದು ಎಂಬ ಚೀಟಿಗಳು ಹೇಗೆ ಅದಲುಬದಲಾಗುತ್ತವೆ ಎಂದು ಕಲಿಯುವುದು ಅಲ್ಲೇ. ವಾರ್ಡಿನಲ್ಲಿ ಕೇಸ್‌ಶೀಟ್ ಓದುವುದನ್ನು ರೂಢಿಸಿಕೊಳ್ಳಿ: ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಈಗ ಕೊಡುತ್ತಿರುವ ಔಷಧಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಲ್ಲಿ ಬರೆದ ಪ್ರಮಾಣ ಒಂದು, ಒಳಗೆ ಹೋದದ್ದು ಇನ್ನೊಂದು ಆಗಿರುತ್ತದೆ. ಸ್ಕ್ಯಾನಿಂಗಿಗೆ ಕರೆದೊಯ್ದಾಗ ಎರಡು ಹೊತ್ತಿನದು ತಪ್ಪಿಹೋಗಿರುತ್ತದೆ. ನರ್ಸಿಂಗ್ ಸಿಸ್ಟರ್ ಬರೆದಿಡುವ ಚಾರ್ಟ್ ನೋಡದೆ ಲೆಕ್ಕ ಹಾಕಬೇಡಿ. ಔಷಧಿಯ ವಿಚಾರಕ್ಕೆ ಮಾತ್ರ ಕೈಹಾಕಬೇಡಿ, ಅದು ವೈದ್ಯರದು.

ಅವಕಾಶವಿದ್ದರೆ ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಕೆಲವು ದಿನ ಕಳೆಯಿರಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಮೊದಲ ದಿನವೇ ಹೊಟ್ಟೆತುಂಬ ಕೊಡುವಂತಿಲ್ಲ. 100 ಮಿಲಿಲೀಟರಿಗೆ 75 ಕಿಲೋಕ್ಯಾಲೊರಿ ಇರುವ ಹಾಲಿನ ಮಿಶ್ರಣದಿಂದ ಶುರು ಮಾಡಿ, ಮಗು ಸುಧಾರಿಸಿದ ಮೇಲೆ 100ರದಕ್ಕೆ ಏರಿಸುತ್ತಾರೆ. ಅದಕ್ಕೆ ಕಾರಣ ನೀವು ಮೊದಲ ವರ್ಷ ಓದಿದ ಬಯೋಕೆಮಿಸ್ಟ್ರಿಯಲ್ಲೇ ಇದೆ.

ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯ ಟೇಪು ಹಿಡಿಯಲು ಕಲಿಯಿರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಟೇಪನ್ನು ಸ್ವಲ್ಪ ಬಿಗಿಯಾಗಿ ಎಳೆದರೂ ಅಳತೆ ಆಚೀಚೆಯಾಗುತ್ತದೆ. ಹೇಗೆ ಹಿಡಿಯಬೇಕೆಂದು ವರ್ಷಗಟ್ಟಲೆ ಅಳೆದ ಕಾರ್ಯಕರ್ತೆಯನ್ನೇ ಕೇಳಿ, ‘ಅಕ್ಕ, ಒಂದ್ಸಲ ತೋರಿಸಿ’ ಅಂದರೆ ಖುಷಿಯಿಂದ ತೋರಿಸುತ್ತಾರೆ. 1975ರಲ್ಲಿ ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಈ ಅಂಗನವಾಡಿ ಯೋಜನೆ (ಐಸಿಡಿಎಸ್) ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಮಾತೃಪೂರ್ಣ, ಕ್ಷೀರಭಾಗ್ಯ, ಬಿಸಿಯೂಟದ ಮೊಟ್ಟೆ ಇವನ್ನು ಬಿಟ್ಟು ವಿದೇಶಿ ಧಾನ್ಯಗಳ ಬಿಸ್ಕತ್ತು ಮಾಡಲು ಹೊರಡುವುದೇಕೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಪದವಿ ಮುಗಿದ ಮೇಲೆ

ಬರೀ ಬಿಎಸ್ಸಿಗೆ ಕೆಲಸವಿದೆ: ಆಸ್ಪತ್ರೆಯಲ್ಲಿ ಸಹಾಯಕ ಡಯಟೀಶಿಯನ್, ಕೇಟರಿಂಗ್, ಜಿಮ್, ಆನ್‌ಲೈನ್ ಸಲಹೆಯ ಕಂಪನಿಗಳು. ಆರಂಭದ ಸಂಬಳ ದೊಡ್ಡದಲ್ಲ, ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಉಳಿಸುವುದು ಕಷ್ಟ. ದೊಡ್ಡ ಆಸ್ಪತ್ರೆಗಳಲ್ಲಿ ಮೇಲೇರಲು ಎಂಎಸ್ಸಿ ಬೇಕಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಪ್ಲೈಡ್ ನ್ಯೂಟ್ರಿಷನ್ ಎಂಎಸ್ಸಿಗೆ ಪ್ರವೇಶ ಪರೀಕ್ಷೆ ಇದೆ. ಎರಡನೇ ವರ್ಷದಿಂದಲೇ ತಯಾರಿ ನಡೆಸಿದವರಿಗೆ ಅನುಕೂಲ. ಭಾರತೀಯ ಡಯಟೆಟಿಕ್ ಸಂಘದ ‘ಆರ್‌ಡಿ’ (ರಿಜಿಸ್ಟರ್ಡ್ ಡಯಟೀಶಿಯನ್) ಪರೀಕ್ಷೆಗೆ ಸ್ನಾತಕೋತ್ತರ ಹಂತದ ಓದು ಮತ್ತು ಆಸ್ಪತ್ರೆ ಇಂಟರ್ನ್‌ಶಿಪ್ ಎರಡೂ ಬೇಕು. ಪಾಠ ಮಾಡುವ ಇಷ್ಟವಿದ್ದರೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಗೃಹವಿಜ್ಞಾನ ವಿಷಯದಲ್ಲಿ.

ಹೊರದೇಶದ ಕನಸಿದ್ದವರು ನಿಯಮವನ್ನು ಈಗಲೇ ತಿಳಿದಿರಿ. ಅಮೆರಿಕದಲ್ಲಿ 2024ರ ಜನವರಿಯಿಂದ ಡಯಟೀಶಿಯನ್ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿ ಕಡ್ಡಾಯ. ಬ್ರಿಟನ್ನಿನಲ್ಲಿ ‘ಡಯಟೀಶಿಯನ್’ ಎಂದು ಕರೆದುಕೊಳ್ಳಲು ಅಲ್ಲಿಯ ಆರೋಗ್ಯ ವೃತ್ತಿಗಳ ಮಂಡಳಿಯ ನೋಂದಣಿ ಇರಲೇಬೇಕು.

ಎಲ್ಲಿಗೇ ಹೋಗಿ, ನೋಂದಣಿಗೋ ಪ್ರವೇಶಕ್ಕೋ ನಿಮ್ಮನ್ನು ಕೇಳುವುದು ಅಂಕಪಟ್ಟಿಯೊಂದನ್ನೇ ಅಲ್ಲ. ಪ್ರತಿ ಸೆಮಿಸ್ಟರಿನ ಸಿಲೆಬಸ್ ಪ್ರತಿಗೆ ಆಯಾ ವರ್ಷವೇ ಕಾಲೇಜಿನ ಮೊಹರು ಹಾಕಿಸಿಡಿ. ಐದು ವರ್ಷ ಬಿಟ್ಟು ಹೋದರೆ ಕಚೇರಿಯಲ್ಲಿ ಹಳೆಯ ಪ್ರತಿ ಸಿಗುವುದಿಲ್ಲ. ಇಂಟರ್ನ್‌ಶಿಪ್ ಪ್ರಮಾಣಪತ್ರದಲ್ಲಿ ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂದಷ್ಟೇ ಇದ್ದರೆ ಸಾಲದು. ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ನೀವು ಕೆಲಸ ಮಾಡಿದ ವಿಭಾಗಗಳು, ಒಟ್ಟು ಗಂಟೆಗಳು, ಮೇಲ್ವಿಚಾರಣೆ ಮಾಡಿದ ಡಯಟೀಶಿಯನ್ನರ ನೋಂದಣಿ ಸಂಖ್ಯೆ ಇವನ್ನೆಲ್ಲ ಬರೆಸಿ, ಸಹಿ ಮಾಡಿಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.